ಕೇಸರಿ ವಾಡೆಗೆ ಒಂದು ಸಿ.ಎಲ್.

ಪುಣೆಗೆ ಬಂದು ಇಪ್ಪತ್ತು ವರ್ಷವಾಯಿತು. ಎಲ್.ಟಿ.ಸಿ. ಮೇಲೆ ಕನ್ಯಾಕುಮಾರಿ, ಕಾಶ್ಮೀರ ನೋಡಿ ಬಂದವನು ನಾರಾಯಣ ಪೇಟೆಯ ಕೇಸರಿ ವಾಡೆಯೊಳಗೆ ಮಾತ್ರ ಕಾಲಿಟ್ಟಿಲ್ಲ. ಊರಲ್ಲೇ ಇದೆಯಲ್ಲ, ಹೋದರಾಯಿತು ಎಂಬ ಉದಾಸೀನ. ನಿಮ್ಮಲ್ಲೂ ಹಲವರದು ಇದೇ ಕಥೆಯೆಂದು ಬಲ್ಲೆ!

ಧಾರವಾಡದಿಂದ ಬಂದಾಗಲೆಲ್ಲ ಅಪ್ಪ ಕೇಳುತ್ತಿದ್ದರು. ಆಲೂರ ವೆಂಕಟರಾಯರು ಕನ್ನಡಿಸಿದ 'ಗೀತಾರಹಸ್ಯ' ಓದಿ ಬೆಳೆದವರು. ಲೋಕಮಾನ್ಯರು 1905ರಲ್ಲಿ ಗಾಯಕವಾಡರಿಂದ ಕೊಂಡ ಆ ಮನೆ, ಅವರು ಬರೆಯುತ್ತಿದ್ದ ಮೇಜು, ಪತ್ರಗಳು, 1907ರಲ್ಲಿ ಮೇಡಮ್ ಕಾಮಾ ಸ್ಟುಟ್‌ಗಾರ್ಟ್‌ನಲ್ಲಿ ಹಾರಿಸಿದ ಧ್ವಜ, ಇವನ್ನೆಲ್ಲ ನೋಡುವ ಆಸೆ ಅವರಿಗೆ. ನಾನು "ಮುಂದಿನ ಸಲ" ಎನ್ನುತ್ತಲೇ ಬಂದೆ. ಈಗ ಅವರ ದೃಷ್ಟಿ ಮಂದವಾಗುತ್ತಿದೆ. ಕಳೆದ ವಾರ ಫೋನಿನಲ್ಲಿ, "ಕಣ್ಣು ಕಾಣೂತನಕ ಒಮ್ಮೆ ತೋರಿಸಿಬಿಡಪಾ" ಎಂದರು.

ರವಿವಾರದ ಗದ್ದಲ ಬೇಡವೆಂದು ಶುಕ್ರವಾರಕ್ಕೆ ಸಿ.ಎಲ್. ಬರೆದುಕೊಟ್ಟಿದ್ದೇನೆ. ಫಲಕಗಳನ್ನು ಓದಿ ಅಜ್ಜನಿಗೆ ಕನ್ನಡದಲ್ಲಿ ಹೇಳುವ ಹೊಣೆ ಮಗಳದು. ಅವಳು ಕಲಿಯುವುದು ಮರಾಠಿ ಶಾಲೆಯಲ್ಲಿ. 1908ರಲ್ಲಿ ಟಿಳಕರನ್ನು ಮಂಡಾಲೆಗೆ ಕಳಿಸಿದ ಪ್ರಸಂಗವನ್ನು ತಾಲೀಮು ಮಾಡುತ್ತ ನಿನ್ನೆ ರಾತ್ರಿ ಕೇಳಿದಳು:

"ಪಪ್ಪಾ, ಹದ್ದಪಾರಿಗೆ ಕನ್ನಡದಾಗ ಏನಂತಾರ?"

"ಗಡಿಪಾರು" ಎಂದೆ. ಬರೆದುಕೊಂಡಳು.