ತೊಗರಿ ಹೊಲದ ಮೇಲೆ ಆಗಸದ ಮಾತು

ಜೇವರ್ಗಿಯಿಂದ ಅಫಜಲಪುರ, ಅಲ್ಲಿಂದ ಆಳಂದ: ಕಲಬುರಗಿಯನ್ನು ಬಲಕ್ಕಿಟ್ಟುಕೊಂಡು ಹಾಕುವ ಅರ್ಧ ಪ್ರದಕ್ಷಿಣೆ ಇದು. ದಾರಿಯುದ್ದಕ್ಕೂ ಎರೆಮಣ್ಣು, ತೊಗರಿ, ಮೇಲೆ ಮರೆಯಿಲ್ಲದ ಆಕಾಶ. 2019ರ ನವೆಂಬರಿನಲ್ಲಿ ಕಲಬುರಗಿಗೂ ವಿಮಾನ ನಿಲ್ದಾಣ ಬಂತು. ಆದರೆ ಇಲ್ಲಿ ತಲೆಯೆತ್ತಿದಾಗ ಬಿಳಿ ಚುಕ್ಕೆಯಂತೆ ಕಾಣುವ ವಿಮಾನಗಳು ಇಲ್ಲಿ ಇಳಿಯುವವಲ್ಲ, ಬಹು ಎತ್ತರದಲ್ಲಿ ಹಾದುಹೋಗುವವು.

ಗಾಣಗಾಪುರದ ಸಂಗಮದಲ್ಲಿ ಹುಡುಗನೊಬ್ಬ ಅಂಥದೊಂದನ್ನು ತೋರಿಸಿ ಕೇಳಿದ: "ಕಾಕಾ, ಮ್ಯಾಲಿನವ್ರು ಕೆಳಗಿನವ್ರ ಜೋಡಿ ಹ್ಯಾಂಗ ಮಾತಾಡ್ತಾರ್ರಿ?"

ರೇಡಿಯೊದಲ್ಲಿ. ನಾವು ಎಫ್‌ಎಂ ಹಾಡು ಕೇಳುವ ಪಟ್ಟಿಗಿಂತ ತುಸು ಮೇಲೆ, 118ರಿಂದ 137 ಮೆಗಾಹರ್ಟ್ಸ್ ನಡುವೆ. ಈ ಅಲೆಗಳು ಹೆಚ್ಚುಕಡಿಮೆ ನೇರ ಸಾಗುತ್ತವೆ. ಭೂಮಿಯ ಉಬ್ಬು ಅಡ್ಡಬಂದರೆ ಮುಗಿಯಿತು. 35,000 ಅಡಿ ಎತ್ತರದ ವಿಮಾನಕ್ಕೆ ಸುಮಾರು 400 ಕಿ.ಮೀ. ದೂರದವರೆಗೆ ಮಾತು ಸಿಗುತ್ತದೆ. ಆಳಂದದ ಮೇಲೆ ಹಾರುವವರಿಗೆ ಹೈದರಾಬಾದಿನ ದನಿಯೂ ಕೇಳಬಲ್ಲದು.

ತೊಡಕಿರುವುದು ಬೇರೆಡೆ. ಈ ಸಂಗಮದಲ್ಲಿ ಅಮರ್ಜಾ ಭೀಮೆಯನ್ನು ಸೇರಿ ಎರಡೂ ನೀರು ಒಂದಾಗಿ ಹರಿಯುತ್ತದೆ. ಒಂದೇ ಅಲೆಯ ಮೇಲೆ ಎರಡು ದನಿ ಕೂಡಿದರೆ ಹುಟ್ಟುವುದು ಬರೀ ಕೀರಲು ಸದ್ದು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದಿತ್ತು. ಕಾಯಬೇಕೆಂದು ನಿಯಂತ್ರಕರು ಹೇಳಿದ್ದು, ತಾವಿನ್ನೂ ರನ್‌ವೇ ಮೇಲಿದ್ದೇವೆಂದು ಪ್ಯಾನ್ ಆಮ್ ಪೈಲಟ್‌ಗಳು ಹೇಳಿದ್ದು ಒಂದೇ ಕ್ಷಣಕ್ಕೆ ಬಿದ್ದವು. ಅದಾಗಲೇ ಓಟ ಹಿಡಿದಿದ್ದ ಕೆಎಲ್‌ಎಂ ವಿಮಾನದೊಳಗೆ ಕೇಳಿದ್ದು ಆ ಕೀರಲು. 583 ಜನ ಸತ್ತರು. ಇದೊಂದೇ ಕಾರಣವಲ್ಲ, ಆದರೆ ಇದೂ ಒಂದು.

ಮಾತಿನ ಜಾಗಕ್ಕೆ ಅಕ್ಷರ ತರುವ ಡಿಜಿಟಲ್ ಏರ್ಪಾಟಿಗೆ ಸಿಪಿಡಿಎಲ್‌ಸಿ ಎಂದು ಹೆಸರು. ನಿಯಂತ್ರಕರು ಮೊದಲೇ ಗೊತ್ತುಮಾಡಿದ ವಾಕ್ಯ ಆರಿಸಿ ಎತ್ತರದ ಅಂಕಿ ತುಂಬಿ ಕಳಿಸಿದರೆ ಅದು ಕಾಕ್‌ಪಿಟ್‌ನ ಪರದೆಯಲ್ಲಿ ಮೂಡುತ್ತದೆ. ಪೈಲಟ್ 'ವಿಲ್ಕೊ' ಒತ್ತಿದರೆ ಪಾಲಿಸುವೆ ಎಂದರ್ಥ, 'ಅನೇಬಲ್' ಒತ್ತಿದರೆ ಆಗದು. ಉಚ್ಚಾರಣೆಯ ಗೊಂದಲವಿಲ್ಲ, ಮರೆತರೆ ಮತ್ತೆ ಓದಬಹುದು. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಗಳ ಮೇಲೆ, ನೆಲದ ರೇಡಿಯೊ ನಿಲುಕದ ಕಡೆ, ಉಪಗ್ರಹದ ಮೂಲಕ ಇದು ಬಹಳ ಉಪಕಾರಿ.

ಆದರೂ ಅಕ್ಷರ ನಿಧಾನ. ಇಳಿಯುವ ಹೊತ್ತಿನ ತುರ್ತಿಗೆ ಬಾಯಿಮಾತೇ ಬೇಕು. ಮಾತಾಡಿದರೆ ಅಕ್ಕಪಕ್ಕದ ವಿಮಾನದವರಿಗೂ ಕೇಳಿಸಿ ಅವರು ಎಚ್ಚರಗೊಳ್ಳುತ್ತಾರೆ, ಅಕ್ಷರ ಒಬ್ಬರಿಗಷ್ಟೇ. ಈ ನಷ್ಟ ಸಣ್ಣದಲ್ಲವೆಂದೇ ನನ್ನೆಣಿಕೆ.

ಅಮರ್ಜೆಯ ಗುಂಟ ಮೇಲಕ್ಕೆ ಹೋದರೆ ಆಳಂದ ಸೀಮೆ. ಕೊರಳ್ಳಿಯಲ್ಲಿ ಅದಕ್ಕೆ ಅಣೆಕಟ್ಟಿದೆ. ಇಲ್ಲಿನ ಪಾಲಕರು ಮಕ್ಕಳನ್ನು ಡಾಕ್ಟರು, ಎಂಜಿನಿಯರು ಮಾಡುವ ಮಾತನ್ನೇ ಹೆಚ್ಚು ಆಡುತ್ತಾರೆ. ಭೌತಶಾಸ್ತ್ರ, ಗಣಿತ ಓದಿದ ಬಿ.ಎಸ್ಸಿ. ಪದವೀಧರರೂ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆ ಬರೆದು ವಾಯು ಸಂಚಾರ ನಿಯಂತ್ರಕರಾಗಬಹುದು. ಅಲ್ಲಿ ಧ್ವನಿಯ ಪರೀಕ್ಷೆಯೂ ಇದೆ.