ಮೊದಲು ಕಡಲು, ಆಮೇಲೆ ಊರು

ಕಡಲಿನಿಂದ ದೂರದ ಕವಲಂದೆಯ ದಂಪತಿ ಮಾಲ್ಡೀವ್ಸ್‌ಗೆ ಹೊರಟಿದ್ದರು. ನಾಲ್ಕು ದಿನ ದೋಣಿಯಲ್ಲೇ ಊಟ, ನಿದ್ದೆ. ಹಗಲೆಲ್ಲ ಹವಳದ ದಿಬ್ಬಗಳ ನಡುವೆ ಮುಳುಗು.

"ರಾಜಧಾನಿ ಮಾಲೆಯನ್ನು ಮೊದಲೇ ನೋಡಿಬಿಡೋಣ ಕಣೇ" ಎಂದರು ಯಜಮಾನರು.

"ಬೇಡ ಕಣ್ರೀ, ಅದು ಕೊನೆಗಿರಲಿ" ಎಂದರು ಆಕೆ.

ಕಾರಣವಿತ್ತು. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ. ಉಸಿರಿನೊಡನೆ ಒಳಹೋದ ಸಾರಜನಕ ರಕ್ತದಲ್ಲಿ ಹೆಚ್ಚು ಕರಗುತ್ತದೆ. ಕೂಡಲೇ ವಿಮಾನವೇರಿದರೆ ಒತ್ತಡ ತಗ್ಗಿ, ಗೋಲಿ ಒತ್ತಿದ ಸೋಡಾದಂತೆ ಗುಳ್ಳೆಗಳೇಳಬಹುದು. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೂ ಹೋದೀತು. ಹಲವು ದಿನ ಮುಳುಗಿದವರು ಕನಿಷ್ಠ 18 ಗಂಟೆ ಕಾಯಬೇಕು.

ಕಾಯುವ ಆ ಹೊತ್ತು ಮಾಲೆಗೆ ಮೀಸಲಾಯಿತು. ಅಲ್ಲಿ 1658ರ ಹಳೆಯ ಶುಕ್ರವಾರದ ಮಸೀದಿಯ ಗೋಡೆಗಳು ಹವಳದ ಕಲ್ಲಿನವು! ನೀರಿನಡಿ ಕಂಡದ್ದೇ ಊರಿನಲ್ಲಿ ಕೆತ್ತನೆಯಾಗಿ ನಿಂತಿತ್ತು.