ತೆರೆ ಮೇಲೆ ಮುಖ, ಪಹಣಿಯಲ್ಲಿ ಹೆಸರು

ಅಟ್ಲಾಂಟಾದ ರಸ್ತೆಗಳಲ್ಲಿ ಓಡಾಡುವಾಗ ಲೈಟ್ ಕಂಬಗಳಿಗೆ ಕಟ್ಟಿದ ಹಳದಿ ಬೋರ್ಡುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಅದರ ಮೇಲೆ ನಮಗೆ ಅರ್ಥವಾಗದ ನಾಲ್ಕಕ್ಷರ, ಜೊತೆಗೆ ಒಂದು ಬಾಣದ ಗುರುತು. ಶೂಟಿಂಗ್ ತಂಡದವರಿಗೆ ದಾರಿ ತೋರಿಸೋಕೆ ಅದು. ಸಿನಿಮಾದ ನಿಜವಾದ ಹೆಸರು ಬರೆದರೆ ಜನ ಮುತ್ತಿಕೊಳ್ಳುತ್ತಾರಲ್ಲ, ಅದಕ್ಕೇ ಗುಟ್ಟಿನ ಅಕ್ಷರ. ಜಾರ್ಜಿಯಾ ರಾಜ್ಯ ಸಿನಿಮಾದವರಿಗೆ ಶೇ. 30ರವರೆಗೆ ತೆರಿಗೆ ರಿಯಾಯಿತಿ ಕೊಡುತ್ತೆ. ಹಾಗಾಗಿ ನೀವು ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ನೋಡಿದ ಎಷ್ಟೋ ಮಾರ್ವೆಲ್ ಸಿನಿಮಾಗಳ ಕೊನೆಯಲ್ಲಿ ಪೀಚ್ ಹಣ್ಣಿನ ಒಂದು ಚಿತ್ರ ಬಂದು ಹೋಗಿರುತ್ತೆ. ಅದು ನಮ್ಮ ಈ ಊರ ಕಡೆಯದ್ದು ಅನ್ನೋದರ ಗುರುತು.

ಸಾಫ್ಟ್‌ವೇರ್ ಕೆಲಸ ಅಂತ ಇಲ್ಲಿಗೆ ಬಂದ ನನಗೂ ಸಿನಿಮಾಕ್ಕೂ ಇರುವ ಸಂಬಂಧ ಟಿಕೆಟ್ ತಗೊಂಡು ನೋಡೋದಷ್ಟೇ. ಆದರೆ ಪಕ್ಕದ ಮನೆಯವರು ಸಿನಿಮಾ, ಸೀರಿಯಲ್ ಸೆಟ್ಟುಗಳಲ್ಲಿ ತಲೆಗೂದಲು ಸಿಂಗಾರ ಮಾಡುವವರು. ಐವತ್ತು ದಾಟಿದ ಕಪ್ಪು ಹೆಂಗಸು. ನನ್ನನ್ನು ಕರೆಯೋದು 'ಬೇಬಿ' ಅಂತ. ಈ ಊರ ಕಡೆಯವರು ಎಲ್ಲರನ್ನೂ ಹಾಗೇ ಕರೀತಾರೆ.

ಅವರು ಹೇಳುವ ಕಥೆಗಳು ಒಂದೆರಡಲ್ಲ. ಕಪ್ಪು ನಟಿಯೊಬ್ಬಳು ಮೇಕಪ್ ಕುರ್ಚಿಯಲ್ಲಿ ಕೂತರೆ, ಆ ಗುಂಗುರು ಕೂದಲನ್ನು ಏನು ಮಾಡಬೇಕು ಅಂತಲೇ ಗೊತ್ತಿಲ್ಲದವರು ಬಾಚಣಿಗೆ ಹಿಡಿದು ನಿಂತಿರುತ್ತಿದ್ದರಂತೆ. ಆಕೆ ಮನೆಯಿಂದಲೇ ತಲೆ ಸಿದ್ಧ ಮಾಡಿಕೊಂಡು, ತನ್ನ ಬಣ್ಣದ ಫೌಂಡೇಶನ್ ಡಬ್ಬಿ ಚೀಲದಲ್ಲಿ ಇಟ್ಟುಕೊಂಡು ಬರಬೇಕಿತ್ತು. ಇದನ್ನು ಎಷ್ಟೋ ನಟಿಯರು ಬಹಿರಂಗವಾಗಿಯೂ ಹೇಳಿಕೊಂಡಿದ್ದಾರೆ. 'ತೆರೆ ಮೇಲೆ ನಮ್ಮ ಮುಖ ಇತ್ತು ಬೇಬಿ, ಆದರೆ ಆ ಮುಖಕ್ಕೆ ಬಾಚಣಿಗೆ ಹಿಡಿಯೋರನ್ನು ಆರಿಸೋ ಅಧಿಕಾರ ನಮ್ಮ ಕೈಲಿ ಇರಲಿಲ್ಲ' ಅಂದರು ಒಮ್ಮೆ.

ನನ್ನ ತಲೆಯಲ್ಲಿ ಕೂತುಬಿಟ್ಟಿದ್ದು ಆ ಮಾತು. ನಮ್ಮ ತಾತ ಗೇಣಿದಾರರಾಗಿದ್ದವರು. ನಲವತ್ತು ವರ್ಷ ಉತ್ತ ಗದ್ದೆಗೆ ಪಹಣಿಯಲ್ಲಿ ಬೇರೆಯವರ ಹೆಸರು. 1974ರ ಭೂಸುಧಾರಣೆ ತಿದ್ದುಪಡಿ ಆದಮೇಲೆ ಅರ್ಜಿ ಹಾಕಿ, ನ್ಯಾಯಮಂಡಳಿಗೆ ಅಲೆದಲೆದು ಹೆಸರು ಬದಲಾಯಿಸಿಕೊಂಡರು. ಗದ್ದೆ ಅದೇ, ಭತ್ತ ಅದೇ. ಆದರೂ ಆಮೇಲಿನ ತಾತನ ಮಾತಿನ ದನಿಯೇ ಬೇರೆಯಾಗಿತ್ತು ಅಂತ ಅಜ್ಜಿ ಹೇಳೋರು. ಹಾಗಾಗಿ ಯಾವ ಸಿನಿಮಾ ನೋಡಿದರೂ ಈಗ ನಾನು ಕೇಳೋದು ಒಂದೇ: ಪಹಣಿ ಯಾರ ಹೆಸರಲ್ಲಿದೆ?

'ಬ್ಲ್ಯಾಕ್ ಪ್ಯಾಂಥರ್' ತಗೊಳ್ಳಿ. 2018ರಲ್ಲಿ ಬಂತು. ನಿರ್ದೇಶಕ ರಯಾನ್ ಕೂಗ್ಲರ್ ಕಪ್ಪು ಹುಡುಗ, ತಾರಾಗಣ ಹೆಚ್ಚುಕಡಿಮೆ ಪೂರ್ತಿ ಕಪ್ಪು ಜನ. ಗಳಿಸಿದ್ದು 130 ಕೋಟಿ ಡಾಲರ್‌ಗೂ ಹೆಚ್ಚು. ಕಪ್ಪು ಜನರ ಸಿನಿಮಾ ಓಡಲ್ಲ ಅಂತಿದ್ದವರ ಬಾಯಿ ಮುಚ್ಚಿಸಿದ ಸಿನಿಮಾ ಅದು. ಆದರೆ ವಕಾಂಡದ ಪಹಣಿ ಡಿಸ್ನಿಯ ಹೆಸರಲ್ಲಿದೆ. ಮುಂದಿನ ಭಾಗ ಬೇಕೋ ಬೇಡವೋ, ಬೊಂಬೆ ಮಾರಬೇಕೋ, ಟೀಶರ್ಟ್ ಮಾರಬೇಕೋ, ಎಲ್ಲ ಅವರಿಷ್ಟ.

ಡೇವ್ ಶಪೆಲ್ ಅವರದ್ದಂತೂ ನಮ್ಮಂಥ ಸಂಬಳದವರಿಗೆ ಚೆನ್ನಾಗಿ ಅರ್ಥವಾಗುವ ಕಥೆ. 2003ರಲ್ಲಿ ಶುರುವಾದ ಆತನ ಕಾಮಿಡಿ ಶೋ ಭಾರಿ ಜನಪ್ರಿಯವಾಗಿತ್ತು. 2005ರಲ್ಲಿ ಬಿಟ್ಟು ಹೊರಟುಬಿಟ್ಟ. ವರ್ಷಗಳು ಕಳೆದ ಮೇಲೆ, 2020ರಲ್ಲಿ, ಅದೇ ಶೋ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಶೋಗೆ ಇರೋದು ಆತನ ಹೆಸರೇ, ಮುಖವೂ ಆತನದ್ದೇ. ಆದರೆ ಹಳೇ ಕರಾರಿನ ಪ್ರಕಾರ ಆತನಿಗೆ ದುಡ್ಡು ಬರುವಂತಿರಲಿಲ್ಲ. ಶಪೆಲ್ ಕೋರ್ಟಿಗೆ ಹೋಗಲಿಲ್ಲ. ದಯವಿಟ್ಟು ನನ್ನ ಶೋ ನೋಡಬೇಡಿ ಅಂತ ಜನರನ್ನೇ ಕೇಳಿಕೊಂಡ! ಆತನ ಕೋರಿಕೆಯಂತೆ ನೆಟ್‌ಫ್ಲಿಕ್ಸ್ ಅದನ್ನು ತೆಗೆದುಹಾಕಿತು. 2021ರ ಫೆಬ್ರವರಿ ಹೊತ್ತಿಗೆ ಶೋದ ಹಕ್ಕೂ ಸಿಕ್ಕಿತು, ಹಣವೂ ಬಂತು. ಎಲ್ಲರೂ ಶಪೆಲ್ ಆಗೋಕೆ ಆಗಲ್ಲ, ಬಿಡಿ. ನಾನು ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿದ ಕಾಗದದಲ್ಲೂ 'ನೀನು ಇಲ್ಲಿ ಮಾಡಿದ್ದೆಲ್ಲ ಕಂಪನಿಯದ್ದು' ಅಂತಲೇ ಇದೆ. ನಿಮ್ಮದರಲ್ಲೂ ಇರುತ್ತೆ, ತೆಗೆದು ನೋಡಿ.

ಓಪ್ರಾ ವಿನ್‌ಫ್ರೇ ಇದನ್ನು ಎಲ್ಲರಿಗಿಂತ ಮೊದಲೇ ಅರ್ಥ ಮಾಡಿಕೊಂಡವರು. ದೇಶವಿಡೀ ಶೋ ಪ್ರಸಾರ ಶುರುವಾಗಿ ಎರಡೇ ವರ್ಷಕ್ಕೆ, 1988ರಲ್ಲಿ, ಅದರ ಒಡೆತನವನ್ನು ತಮ್ಮ ಹಾರ್ಪೋ ಕಂಪನಿಗೆ ತಂದುಕೊಂಡರು. ಹಾರ್ಪೋ ಅಂದರೆ ಓಪ್ರಾ ಹೆಸರನ್ನು ತಿರುಗಿಸಿ ಬರೆದಿದ್ದು. ಅವರು ಶ್ರೀಮಂತರಾಗಿದ್ದು ಆ ಸಹಿಯಿಂದ, ಬರೀ ಚೆನ್ನಾಗಿ ಮಾತಾಡಿದ್ದರಿಂದಲ್ಲ.

ಈಗ ನಮ್ಮ ಊರಿಗೆ ಬರೋಣ. 1939ರ ಡಿಸೆಂಬರ್‌ನಲ್ಲಿ 'ಗಾನ್ ವಿತ್ ದಿ ವಿಂಡ್' ಮೊದಲ ಪ್ರದರ್ಶನ ಆಗಿದ್ದು ಇದೇ ಅಟ್ಲಾಂಟಾದಲ್ಲಿ. ಅದರಲ್ಲಿ ಮನೆಕೆಲಸದವಳ ಪಾತ್ರ ಮಾಡಿದ್ದ ಹ್ಯಾಟಿ ಮೆಕ್‌ಡ್ಯಾನಿಯಲ್ ಬರುವ ಹಾಗಿರಲಿಲ್ಲ. ಆಗಿನ ವರ್ಣಭೇದದ ಕಾನೂನಿನಲ್ಲಿ ಬಿಳಿಯರ ಜೊತೆ ಕೂರೋಕೆ ಅವಕಾಶ ಇರಲಿಲ್ಲವಲ್ಲ. ಎರಡೇ ತಿಂಗಳಲ್ಲಿ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಆದರು. ಆ ಸಮಾರಂಭದಲ್ಲೂ ಅವರನ್ನು ಕೂರಿಸಿದ್ದು ಗೋಡೆ ಪಕ್ಕದ ಬೇರೆ ಮೇಜಿನಲ್ಲಿ.

ಅದೇ ಊರಲ್ಲಿ ಫೋರ್ಟ್ ಮೆಕ್‌ಫರ್ಸನ್ ಅಂತ ಒಂದು ಸೇನಾ ನೆಲೆ ಇತ್ತು. ಅಂತರ್ಯುದ್ಧದ ಕಾಲದಲ್ಲಿ ಗುಲಾಮಗಿರಿ ಉಳಿಯಲಿ ಅಂತ ಬಡಿದಾಡಿದ ಕಾನ್ಫೆಡರೇಟ್ ಸೈನಿಕರು ಕವಾಯತು ಮಾಡಿದ ನೆಲ ಅದು. ನೆಲೆ ಮುಚ್ಚಿದ ಮೇಲೆ, 2015ರಲ್ಲಿ, ಟೈಲರ್ ಪೆರ್ರಿ ಅದರ 330 ಎಕರೆಯನ್ನು 3 ಕೋಟಿ ಡಾಲರ್‌ಗೆ ಕೊಂಡರು. 2019ರಲ್ಲಿ ಸ್ಟುಡಿಯೋ ವಿಧಿವತ್ತಾಗಿ ಉದ್ಘಾಟನೆ ಆಯ್ತು. ಹನ್ನೆರಡು ಶೂಟಿಂಗ್ ಫ್ಲೋರ್‌ಗಳು, ಎಲ್ಲಕ್ಕೂ ಕಪ್ಪು ಕಲಾವಿದರ ಹೆಸರು: ಸಿಡ್ನಿ ಪಾಯಿಟಿಯರ್, ಸಿಸಿಲಿ ಟೈಸನ್, ಹ್ಯಾಲಿ ಬೆರ್ರಿ... ಪೆರ್ರಿಯ ಹಾಸ್ಯವನ್ನು ಕಟುವಾಗಿ ಟೀಕಿಸಿದ್ದ ಸ್ಪೈಕ್ ಲೀ ಹೆಸರಲ್ಲೂ ಒಂದಿದೆ. ಆ ದೊಡ್ಡತನ ನನಗಿಷ್ಟ. ಪೆರ್ರಿಯ ಸಿನಿಮಾಗಳು ಮಾತ್ರ ನನಗೆ ಅಷ್ಟಕ್ಕಷ್ಟೇ. ಎಲ್ಲವನ್ನೂ ತಾವೇ ಬರೀತಾರೆ, ಹಾಗೆ ಬರೆದದ್ದು ಗೊತ್ತಾಗುತ್ತೆ ಕೂಡ. 2008ರಲ್ಲಿ ಅವರ ಸೀರಿಯಲ್‌ನ ನಾಲ್ವರು ಬರಹಗಾರರನ್ನು ತೆಗೆದುಹಾಕಿದಾಗ, ಯೂನಿಯನ್ ಕರಾರು ಕೇಳಿದ್ದಕ್ಕೇ ಹೀಗೆ ಮಾಡಿದ್ದು ಅಂತ ಬರಹಗಾರರ ಸಂಘ ಆರೋಪ ಮಾಡಿತ್ತು. ಒಡೆಯ ನಮ್ಮವನೇ ಆದ ಮಾತ್ರಕ್ಕೆ ಕೂಲಿ ಜಗಳ ತಪ್ಪುತ್ತಾ?

ಒಡೆತನ ಬಂದರೂ ಉಳಿಯುತ್ತೆ ಅಂತಿಲ್ಲ. ಕಪ್ಪು ಜನರಿಗಾಗಿಯೇ 1980ರಲ್ಲಿ ಶುರುವಾದ ಬಿಇಟಿ ಚಾನೆಲ್‌ನ ಕಂಪನಿ 1991ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋಯ್ತು. ಕಪ್ಪು ಜನರ ಹಿಡಿತದಲ್ಲಿದ್ದ ಕಂಪನಿಯೊಂದು ಅಲ್ಲಿ ಕಾಲಿಟ್ಟಿದ್ದು ಅದೇ ಮೊದಲು. ಹತ್ತು ವರ್ಷ ಕಳೆಯೋದರೊಳಗೆ ವಯಾಕಾಮ್‌ಗೆ ಮಾರಾಟದ ಒಪ್ಪಂದ ಆಗಿತ್ತು, ಸುಮಾರು 300 ಕೋಟಿ ಡಾಲರ್‌ಗೆ. ಅಷ್ಟು ದುಡ್ಡು ಕೊಟ್ಟರೆ ಯಾರು ತಾನೇ ಬೇಡ ಅಂತಾರೆ ಅಂತ ನನ್ನ ಗಂಡ. ಇದರ ಬಗ್ಗೆ ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ.

ಹೀಗಿರುವಾಗ 2025ರ ಏಪ್ರಿಲ್‌ನಲ್ಲಿ 'ಸಿನ್ನರ್ಸ್' ಬಂತು. ಅದೇ ಕೂಗ್ಲರ್. 1932ರ ಮಿಸಿಸಿಪ್ಪಿಯಲ್ಲಿ ಅವಳಿ ಸೋದರರು ಬಿಳಿಯನೊಬ್ಬನಿಂದ ಹಳೇ ಮರದ ಮಿಲ್ ಕೊಂಡು, ತಮ್ಮ ಜನ ಹಾಡಿ ಕುಣಿಯೋಕೆ ಒಂದು ಜಾಗ ಮಾಡ್ತಾರೆ. ರಕ್ತ ಕುಡಿಯುವ ವ್ಯಾಂಪೈರ್‌ಗಳು ಆಮೇಲೆ ಬರ್ತಾರೆ, ಆದರೆ ಕಥೆಯ ಜೀವ ಇರೋದು ಆ ಕ್ರಯದಲ್ಲೇ. ಕೂಗ್ಲರ್ ವಾರ್ನರ್ ಬ್ರದರ್ಸ್ ಜೊತೆ ಮಾಡಿಕೊಂಡ ಕರಾರೂ ಹಾಗೇ ಇದೆ: 25 ವರ್ಷ ಆದಮೇಲೆ ಸಿನಿಮಾದ ಹಕ್ಕು ಅವರಿಗೇ ವಾಪಸ್. ಅದನ್ನು ಕೇಳಿ ಹಾಲಿವುಡ್‌ನಲ್ಲಿ ಕೆಲವರಿಗೆ ಜಗತ್ತೇ ಮುಳುಗಿದ ಹಾಗಾಯ್ತು. ಕ್ವೆಂಟಿನ್ ಟ್ಯಾರಂಟಿನೊಗೂ ಇಂಥದ್ದೇ ಕರಾರು ಸಿಕ್ಕಿತ್ತು. ಆಗ ಇಷ್ಟು ಗದ್ದಲ ಇರಲಿಲ್ಲ. ಯಾಕೆ ಅಂತ ನೀವೇ ಯೋಚನೆ ಮಾಡಿ. ಸಿನಿಮಾ 36 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಪಕ್ಕದ ಮನೆಯವರಿಗೂ ಒಂದು ಚಿಕ್ಕ ಆಸ್ತಿ ಇದೆ. ಕೈಯಾರೆ ಕಟ್ಟಿದ ವಿಗ್ಗುಗಳು. ಗ್ಯಾರೇಜ್‌ನಲ್ಲಿ ಸಾಲಾಗಿ ಡಬ್ಬಗಳು, ಒಂದೊಂದರ ಮೇಲೂ ನಂಬರು, ಅವರ ಹೆಸರು. ಸೆಟ್ಟುಗಳಿಗೆ ಬಾಡಿಗೆಗೆ ಕೊಡ್ತಾರೆ, ಮಾರಲ್ಲ. ಆದರೆ 2023ರಲ್ಲಿ ಬರಹಗಾರರ, ನಟರ ಮುಷ್ಕರ ನಡೆಯಿತಲ್ಲ, ಆಮೇಲೆ ಅವರಿಗೆ ಕೆಲಸ ಮೊದಲಿನ ಹಾಗೆ ಬರಲೇ ಇಲ್ಲ. ಪೆರ್ರಿ ಕೂಡ 80 ಕೋಟಿ ಡಾಲರ್‌ನ ಸ್ಟುಡಿಯೋ ವಿಸ್ತರಣೆಯನ್ನು 2024ರಲ್ಲಿ ನಿಲ್ಲಿಸಿದರು. ಬರೆದುಕೊಟ್ಟರೆ ಸಾಕು, ವಿಡಿಯೋ ಮಾಡಿಕೊಡುವ ಎಐ ನೋಡಿ ದಂಗಾಗಿ. ಅಲ್ಲಿ ಫ್ಲೋರ್ ಏಳಲಿಲ್ಲ ಅಂದರೆ ಇಲ್ಲಿ ವಿಗ್ಗು ಡಬ್ಬದಲ್ಲೇ.

ಹಳದಿ ಬೋರ್ಡುಗಳೂ ಈಗ ಕಡಿಮೆ. ಮೊನ್ನೆ ಬಾಡಿಗೆ ಅಂಗಡಿಯವನೊಬ್ಬ ಪೂರ್ತಿ ಸೆಟ್ಟಿಗೆ ಒಂದು ರೇಟು ಹೇಳಿದ್ದಾನಂತೆ. ಕೊಡಲಾ ಅಂತ ನನ್ನನ್ನು ಕೇಳಿದರು. ಬೇಡ ಅಂದೆ, ತಾತನ ಕಥೆಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. 'ಚೆನ್ನಾಗಿದೆ ಬೇಬಿ' ಅಂದವರೇ, ಮನೆ ಸಾಲದ ಕಂತು ಎಷ್ಟನೇ ತಾರೀಕು ಅಂತ ಫೋನಲ್ಲಿ ನೋಡತೊಡಗಿದರು.